ದೇಶದ 'ಶುದ್ಧ ಗಾಳಿ'ಯ ಊರಿನಲ್ಲಿ ನಮ್ಮವ್ವನ ದಮ್ಮು

ಗದಗ-ಬೆಟಗೇರಿಯ ಗಾಳಿ ದೇಶದಲ್ಲೇ ಶುದ್ಧ ಅನ್ನೋ ಸುದ್ದಿ ಆಗಾಗ ಬರ್ತಾ ಇರುತ್ತೆ. ಬಂದಾಗಲೆಲ್ಲ ಕಪ್ಪತಗುಡ್ಡದ ಹಸಿರು ಫೋಟೊ ಅಂಟಿಸಿಕೊಂಡು ನಮ್ಮ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಹರಿದಾಡುತ್ತದೆ. ನಾನೂ ಹೆಮ್ಮೆಯಿಂದ ಫಾರ್ವರ್ಡ್ ಮಾಡಿದವಳೇ. ಕೊನೆಯ ಸಲ ಅದನ್ನು ಅವ್ವನಿಗೆ ಓದಿ ಹೇಳುವಾಗ ಆಕೆ ಕಟ್ಟೆಯ ಮೇಲೆ ಎರಡೂ ಕೈ ಊರಿ, ಮುಂದಕ್ಕೆ ಬಾಗಿ ಕೂತಿದ್ದಳು. ಪಂಪ್ ಎಳೆದು ಐದು ನಿಮಿಷ ಆಗಿತ್ತು. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. "ಗಾಳಿ ಚಲೋ ಐತಂತ ಹೌದು, ಎದಿ ಒಳಗ ಹೋಗವಲ್ದು ನೋಡವಾ" ಅಂದಳು.

ಅವತ್ತಿಂದ ಈ ಎರಡನ್ನೂ ಒಟ್ಟಿಗೆ ಅರ್ಥ ಮಾಡಿಕೊಳ್ಳೋಕೆ ನೋಡ್ತಾ ಇದ್ದೀನಿ. ಸುದ್ದಿ ಸುಳ್ಳಲ್ಲ, ಅವ್ವನ ದಮ್ಮೂ ಸುಳ್ಳಲ್ಲ. ಹಾಗಾದರೆ ಅಳತೆಯಲ್ಲಿ ಏನೋ ತಪ್ಪಿಸಿಕೊಳ್ಳುತ್ತಿದೆ.

ಯಂತ್ರ ಏನನ್ನು ಅಳೆಯುತ್ತದೆ

ಗದಗದ ಗಾಳಿಯನ್ನು ನಿರಂತರವಾಗಿ ಅಳೆಯುವ ಮಾಲಿನ್ಯ ನಿಯಂತ್ರಣ ಮಂಡಳಿಯ ಯಂತ್ರ ಇರುವುದು ಪಂಚಾಲ ನಗರದಲ್ಲಿ. ಕೇಂದ್ರ ಮಂಡಳಿಯ 'ಸಮೀರ್' ಆ್ಯಪ್ ಹಾಕಿಕೊಂಡರೆ ಅದರ ಅಂಕಿ ನಿಮ್ಮ ಮೊಬೈಲಿನಲ್ಲೇ ಕಾಣುತ್ತದೆ. ಆ ಅಂಕಿಯೇ ಎಕ್ಯೂಐ, ಗಾಳಿಯ ಗುಣಮಟ್ಟದ ಸೂಚ್ಯಂಕ. 0ಯಿಂದ 50ರ ತನಕ 'ಉತ್ತಮ', 51ರಿಂದ 100 'ಸಮಾಧಾನಕರ'. ಬಯಲುಸೀಮೆಯ ಬೀಸುಗಾಳಿ, ದೊಡ್ಡ ಕಾರ್ಖಾನೆಗಳಿಲ್ಲದ ಊರು, ಪಕ್ಕದಲ್ಲೇ ಗುಡ್ಡ. ಇದರಿಂದ ನಮ್ಮ ಅಂಕಿ ಬಹಳ ದಿನ ಕೆಳಗೇ ಇರುತ್ತದೆ. ಅದು ಖುಷಿಯ ವಿಷಯವೇ.

ಆದರೆ 'ಉತ್ತಮ' ಅನ್ನೋ ಗೆರೆಯನ್ನು ಎಳೆದವರು ಯಾರು ಅಂತ ನೋಡಬೇಕು. ಕೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತ ಸಣ್ಣದಾದ ಕಣಗಳಿಗೆ ಪಿಎಂ 2.5 ಅಂತಾರೆ. ಭಾರತದ ಸೂಚ್ಯಂಕದಲ್ಲಿ ಘನ ಮೀಟರ್ ಗಾಳಿಗೆ 30 ಮೈಕ್ರೋಗ್ರಾಂ ಪಿಎಂ 2.5 ಇದ್ದರೂ ಅದು 'ಉತ್ತಮ'. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಿತಿ ದಿನಕ್ಕೆ 15, ವರ್ಷದ ಸರಾಸರಿಗೆ 5. ನಮ್ಮ ದೇಶದ ಮಾನದಂಡ 2009ರದ್ದು: ದಿನಕ್ಕೆ 60, ವರ್ಷಕ್ಕೆ 40. ಅಂದರೆ ವಿಶ್ವ ಸಂಸ್ಥೆಯ ವಾರ್ಷಿಕ ಮಿತಿಯ ಎಂಟು ಪಟ್ಟು. ಪಿಎಂ 2.5 ಲೆಕ್ಕದಲ್ಲಿ ಎಕ್ಯೂಐ 25 ದಾಟಿದ ದಿನವೇ ಜಿನೀವಾದವರ ಗೆರೆ ದಾಟಿರುತ್ತದೆ. ನಮ್ಮ ಆ್ಯಪ್ ಇನ್ನೂ ಹಸಿರು ಬಣ್ಣ ತೋರಿಸ್ತಾ ಇರುತ್ತೆ.

ಇನ್ನೊಂದು, ಅದು 24 ಗಂಟೆಯ ಸರಾಸರಿ. ಬೆಳಗಿನ ಒಂದೂವರೆ ತಾಸು ಒಲೆ ಮುಂದೆ ಕೂತವಳ ಮೂಗಿಗೆ ಹೋಗುವ ನೂರಾರು ಮೈಕ್ರೋಗ್ರಾಂ ಹೊಗೆ ಪಂಚಾಲ ನಗರದ ಯಂತ್ರಕ್ಕೆ ಯಾಕೆ ಕಾಣಬೇಕು? ಮುಂಡರಗಿಯಲ್ಲಿ ಹೊಲಕ್ಕೆ ಬೆಂಕಿ ಬಿದ್ದರೆ, ಶಿರಹಟ್ಟಿ ಕಡೆ ಕ್ರಷರ್ ಎದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಯಂತ್ರ ಊರಿನ ಗಾಳಿ ಅಳೆಯುತ್ತದೆ, ಉಸಿರಾಡುವವರ ಗಾಳಿಯನ್ನಲ್ಲ.

ಶ್ವಾಸನಾಳದ ಒಳಗೆ ನಡೆಯುವುದೇನು

ಅಸ್ತಮಾ, ಸಿಒಪಿಡಿ, ಅಲರ್ಜಿಯ ನೆಗಡಿ. ನಮ್ಮ ಕಡೆ ಮೊದಲೆರಡಕ್ಕೂ ದಮ್ಮು, ಉಬ್ಬಸ, ಗೂರಲು ಅಂತ ಒಂದೇ ಹೆಸರು. ಮೂರರಲ್ಲೂ ಮೂಲದಲ್ಲಿ ಇರುವುದು ಉರಿಯೂತ: ಉಸಿರಿನ ದಾರಿಯ ಒಳಗೋಡೆ ಕೆರಳಿ, ಊದಿಕೊಂಡು, ಲೋಳೆ ಸುರಿಸುವುದು. ಮೂಗಿನ ತುದಿಯಿಂದ ಪುಪ್ಪುಸದ ತಳದವರೆಗೆ ಇರುವುದು ಒಂದೇ ಹಾದಿ. ಮೇಲಿನ ತುದಿ ಕೆರಳಿದರೆ ನೆಗಡಿ, ಕೆಳಗೆ ಕೆರಳಿದರೆ ದಮ್ಮು. ವರ್ಷಾನುಗಟ್ಟಲೆ ಬೆಳಿಗ್ಗೆ ಎದ್ದು ಹತ್ತು ಸೀನು ಸೀನುವವರು, ಅದು ಬರೀ ಮೂಗಿನ ತಕರಾರು ಅಂತ ಸುಮ್ಮನಿರಬೇಡಿ.

ಒಳಗೋಡೆ ಅಂದರೆ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡ ಜೀವಕೋಶಗಳ ಹಾಸು. ಬೆಟಗೇರಿಯವರಿಗೆ ಮಗ್ಗದ ಉದಾಹರಣೆ ಸಾಕು: ಹಾಸು-ಹೊಕ್ಕು ಗಟ್ಟಿ ಇದ್ದಷ್ಟು ನೀರು ಸೋರುವುದಿಲ್ಲ. ಹೊಗೆಯ ಕಣ, ಡೀಸೆಲ್ ಮಸಿ, ಓಝೋನ್, ನೈಟ್ರೋಜನ್ ಡೈಆಕ್ಸೈಡ್ ಇವು ಆ ನೇಯ್ಗೆಯನ್ನು ಸಡಿಲ ಮಾಡುತ್ತವೆ. ಕಣದ ಮೈಗೆ ಅಂಟಿದ ಲೋಹ ಮತ್ತು ಸುಟ್ಟ ಇಂಗಾಲದ ರಾಸಾಯನಿಕಗಳು ಜೀವಕೋಶಗಳನ್ನು ಒಳಗಿಂದ ಸುಡುತ್ತವೆ. ಆಕ್ಸಿಡೇಟಿವ್ ಒತ್ತಡ ಅನ್ನೋದು ಇದಕ್ಕೇ. ಪೆಟ್ಟು ತಿಂದ ಕೋಶಗಳು ಟಿಎಸ್‌ಎಲ್‌ಪಿ, ಐಎಲ್-33 ಎಂಬ ಎಚ್ಚರಿಕೆಯ ಸಂಕೇತ ಕಳಿಸುತ್ತವೆ. ಅದನ್ನು ಕೇಳಿ ರೋಗನಿರೋಧಕ ಕೋಶಗಳು ಐಎಲ್-4, ಐಎಲ್-5, ಐಎಲ್-13 ಬಿಡುತ್ತವೆ. ಇಯೋಸಿನೋಫಿಲ್ ಎಂಬ ಬಿಳಿರಕ್ತಕಣಗಳು ಮುತ್ತಿಕೊಳ್ಳುತ್ತವೆ, ಲೋಳೆ ಹೆಚ್ಚುತ್ತದೆ, ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಸಿಳ್ಳೆ ಹೊಡೆದ ಹಾಗೆ ಉಸಿರು ಕೇಳುವುದು ಆಗ. (ಈ ಟಿಎಸ್‌ಎಲ್‌ಪಿಯನ್ನೇ ತಡೆಯುವ ಟೆಜೆಪೆಲುಮ್ಯಾಬ್ ಎಂಬ ಚುಚ್ಚುಮದ್ದಿಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ಓಣಿಗೆ ಅದು ಬರುವ ಮಾತು ಸದ್ಯಕ್ಕಿಲ್ಲ ಬಿಡಿ.)

ಸಿಒಪಿಡಿಯಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ಹೆಚ್ಚಾಗಿ ನ್ಯೂಟ್ರೋಫಿಲ್‌ಗಳ ದಾಳಿ. ಅವು ಬಿಡುವ ಕಿಣ್ವಗಳು ಗಾಳಿಚೀಲದ ಗೋಡೆಯನ್ನೇ ಕರಗಿಸುತ್ತವೆ. ಅಸ್ತಮಾದ ನಾಳ ಔಷಧಿಗೆ ಬಹುಮಟ್ಟಿಗೆ ಮತ್ತೆ ತೆರೆದುಕೊಳ್ಳುತ್ತದೆ. ಕರಗಿದ ಗೋಡೆ ಮರಳಿ ಬರುವುದಿಲ್ಲ. ಹಾಗಾಗಿ ಯಾವುದು ಅಂತ ತಿಳಿಯುವುದು ಮುಖ್ಯ. ಅದಕ್ಕೆ ಸ್ಪೈರೋಮೆಟ್ರಿ ಅಂತ ಊದುವ ಪರೀಕ್ಷೆ ಇದೆ. ಎಕ್ಸ್-ರೇ ಒಂದನ್ನೇ ನೋಡಿ ಹೇಳಲಾಗುವುದಿಲ್ಲ.

ಮಾಲಿನ್ಯ ಇನ್ನೊಂದು ಕಿತಾಪತಿಯನ್ನೂ ಮಾಡುತ್ತದೆ. 1990ರ ದಶಕದಲ್ಲಿ ಲಾಸ್ ಏಂಜಲಿಸ್‌ನ ವಿಜ್ಞಾನಿಗಳು ಅಲರ್ಜಿ ಇರುವವರ ಮೂಗಿಗೆ ರ್‍ಯಾಗ್‌ವೀಡ್ ಎಂಬ ಕಳೆಯ ಅಲರ್ಜಿಕಾರಕವನ್ನು ಡೀಸೆಲ್ ಹೊಗೆಯ ಕಣಗಳ ಜೊತೆ ಸೇರಿಸಿ ಹಾಕಿ ನೋಡಿದರು. ಒಂಟಿಯಾಗಿ ಹಾಕಿದಾಗಿಗಿಂತ ಅಲರ್ಜಿಯ ಪ್ರತಿಕಾಯ ಹಲವು ಪಟ್ಟು ಹೆಚ್ಚಿತ್ತು. ರ್‍ಯಾಗ್‌ವೀಡ್ ನಮ್ಮಲ್ಲಿ ಇಲ್ಲವಲ್ಲ ಅಂತೀರಾ? ಅದೇ ಸಸ್ಯ ಕುಟುಂಬದ ಕಾಂಗ್ರೆಸ್ ಹುಲ್ಲು ನಮ್ಮ ಪ್ರತಿ ಖಾಲಿ ಸೈಟಿನಲ್ಲೂ ಇದೆ. ಅದರ ಪರಾಗಕ್ಕೆ ಬಸ್ ಸ್ಟ್ಯಾಂಡಿನ ಹೊಗೆ ಕೂಡಿದರೆ ಏನಾಗಬಹುದು ಅಂತ ಯೋಚಿಸಿ.

ಒಲೆ

ನಮ್ಮವ್ವ ಒಂದು ಬೀಡಿಯನ್ನೂ ಸೇದಿದವಳಲ್ಲ. ಆದರೂ ಆಕೆಗೆ ಸಿಒಪಿಡಿ. ಈ ಸುದ್ದಿ ತಿಳಿಯೋಕೆ ನಮಗೆ ಒಂಬತ್ತು ವರ್ಷ ಹಿಡಿಯಿತು. ಅಷ್ಟೂ ವರ್ಷ ಊರಿನ ಒಂದು ದವಾಖಾನೆಯಲ್ಲಿ ಕೆಮ್ಮಿನ ಸಿರಪ್ಪು, ಒಂದು ಸೂಜಿ, "ತಂಪ್ ತಿನಬ್ಯಾಡ್ರಿ" ಅನ್ನೋ ಸಲಹೆ. ಕೊನೆಗೆ ಬೇರೆ ಕಡೆ ಒಬ್ಬ ಯುವ ಡಾಕ್ಟರ್ ಊದಿಸಿ ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಅವ್ವಾರ, ದಿನಾ ಎಷ್ಟ್ ತಾಸ್ ಒಲಿ ಮುಂದ ಕುಂದರ್ತಿದ್ರಿ? ಎಷ್ಟ್ ವರ್ಷ?"

ಆ ಪ್ರಶ್ನೆಯ ಹಿಂದೆ ಒಂದು ಲೆಕ್ಕ ಇದೆ. ದಿನದ ತಾಸನ್ನು ವರ್ಷಗಳಿಂದ ಗುಣಿಸಿದರೆ ಬರುವುದು ಸೌದೆ ಹೊಗೆಯ ಸೂಚ್ಯಂಕ. ಮೈಸೂರಿನ ಜೆಎಸ್‌ಎಸ್ ಮೆಡಿಕಲ್ ಕಾಲೇಜಿನ ವೈದ್ಯರು ಗ್ರಾಮೀಣ ಹೆಣ್ಣುಮಕ್ಕಳ ಮೇಲೆ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಈ ಅಂಕಿ 60 ದಾಟಿದರೆ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಎದ್ದು ಕಾಣುತ್ತದೆ. ನಮ್ಮವ್ವಂದು ದಿನಕ್ಕೆ ಮೂರು ತಾಸು, ಇಪ್ಪತ್ತೆಂಟು ವರ್ಷ. 84. ನಿಮ್ಮ ಮನೆಯ ಹಿರಿಯ ಹೆಂಗಸರ ಲೆಕ್ಕವನ್ನು ಇವತ್ತೇ ಮಾಡಿ ನೋಡಿ. ಎರಡು ನಿಮಿಷದ ಕೆಲಸ.

ನಮ್ಮ ಸೀಮೆಯ ಒಲೆಗೆ ಬೀಳುವುದು ಒಳ್ಳೆಯ ಕಟ್ಟಿಗೆಯಲ್ಲ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು, ಮಳೆಗಾಲದಲ್ಲಿ ಹಸಿ ಜಾಲಿ. ಕಾಡು ಕಡಿಮೆ ಇರುವ ಬಯಲಿನಲ್ಲಿ ಹೊಲದ ಕಸವೇ ಉರುವಲು. ಇವು ಬೇಗ ಉರಿದು ಬೇಗ ಆರುತ್ತವೆ, ಮತ್ತೆ ಮತ್ತೆ ಊದಬೇಕು. ಊದುವವಳ ಮುಖ ಬೆಂಕಿಗೆ ಒಂದು ಮೊಳ ದೂರ. ಮಡಿಲಲ್ಲಿ ಕೂಸು ಇದ್ದರೆ ಅದರ ಮುಖವೂ ಅಷ್ಟೇ ದೂರ. ಮಕ್ಕಳ ಪುಪ್ಪುಸ ಹುಟ್ಟಿದ ಮೇಲೂ ಬೆಳೆಯುತ್ತಿರುತ್ತದೆ, ಮೈತೂಕಕ್ಕೆ ಹೋಲಿಸಿದರೆ ಅವು ನಮಗಿಂತ ಹೆಚ್ಚು ಗಾಳಿ ಎಳೆಯುತ್ತವೆ.

ಉಜ್ವಲಾ ಯೋಜನೆ ಶುರುವಾಗಿದ್ದು 2016ರ ಮೇ 1ರಂದು. ಸಿಲಿಂಡರ್ ಬಂತು, ನಿಜ. ಆದರೆ ನಮ್ಮ ಚಿಗವ್ವನ ಮನೆಯಲ್ಲಿ ಗ್ಯಾಸು ಚಹಾಕ್ಕೆ, ಬೀಗರು ಬಂದಾಗಿನ ಅಡುಗೆಗೆ. ರೊಟ್ಟಿ, ಸ್ನಾನದ ನೀರು ಇವತ್ತಿಗೂ ಒಲೆಯ ಮೇಲೇ. "ರೊಟ್ಟಿ ಗ್ಯಾಸಿನ ಮ್ಯಾಲ ಬಡದ್ರ ಸಿಲಿಂಡರ್ ಹದಿನೈದ್ ದಿನ ಬರೂದಿಲ್ಲ" ಅಂತಾಳೆ. ಸಂಪರ್ಕ ಎಷ್ಟು ಕೊಟ್ಟೆವು ಅಂತ ಎಣಿಸುವ ಸರ್ಕಾರ, ಮರುಭರ್ತಿ ಎಷ್ಟಾಯಿತು ಅಂತ ಅಷ್ಟೇ ದೊಡ್ಡ ಅಕ್ಷರದಲ್ಲಿ ಹೇಳುವುದಿಲ್ಲ. ಜಾಹೀರಾತಿನಲ್ಲಿ ನಗುವವಳು ಮಹಿಳೆ, ಕೆಮ್ಮುವವಳೂ ಅವಳೇ.

ಹತ್ತಿ

ಒಲೆಯ ಜೊತೆಗೆ ಅವ್ವ ಹನ್ನೊಂದು ಸೀಸನ್ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಗೂ ಹೋದವಳು. ಗದಗ ಅಂದರೆ ಹತ್ತಿ ಪೇಟೆ. ಗದಗದಲ್ಲೂ ಲಕ್ಷ್ಮೇಶ್ವರದಲ್ಲೂ ಹತ್ತಿ ಎಷ್ಟೋ ಮನೆಗಳ ಒಲೆ ಉರಿಸಿದೆ. ಸಂಜೆ ಬಂದಾಗ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿರುತ್ತಿತ್ತು. ನಾವು ಮಕ್ಕಳು "ಅವ್ವ ಮುದಿಕ್ಯಾಗಿ ಬಂದ್ಲು" ಅಂತ ನಗ್ತಿದ್ವಿ.

ಹತ್ತಿ ಧೂಳಿನಿಂದ ಬರುವ ಕಾಯಿಲೆಗೆ ಬಿಸ್ಸಿನೋಸಿಸ್ ಅಂತ ಹೆಸರು. ಅದರ ಗುರುತು ವಿಚಿತ್ರ. ರಜೆಯ ಮಾರನೇ ದಿನ ಎದೆ ಬಿಗಿಯುತ್ತದೆ, ವಾರ ಕಳೆದಂತೆ ಕಡಿಮೆಯಾಗುತ್ತದೆ, ಮುಂದಿನ ರಜೆ ಮುಗಿದ ಮೇಲೆ ಮತ್ತೆ. ಕೆಲಸಗಾರರು 'ಸೋಮವಾರದ ಜ್ವರ' ಅನ್ನುತ್ತಿದ್ದದ್ದು ಅದಕ್ಕೇ. ಕಾರಣ ಹತ್ತಿಯ ನಾರೊಂದೇ ಅಲ್ಲ. ಕಾಯಿಯ ಸಿಪ್ಪೆ, ಒಣ ಎಲೆಯ ಪುಡಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಎಂಬ ವಿಷವೂ ಶ್ವಾಸನಾಳವನ್ನು ಕೆರಳಿಸುತ್ತದೆ. ನೂಲುವ ಗಿರಣಿಯಷ್ಟು ಜಿನ್ನಿಂಗ್‌ನಲ್ಲಿ ಇದು ಕಾಣದಿದ್ದರೂ ಧೂಳು ಅದೇ. ಶುರುವಿನಲ್ಲಿ ಬಂದು ಹೋಗುವ ಬಿಗಿತ, ವರ್ಷಗಳ ನಂತರ ಹೋಗದೇ ಉಳಿಯಬಹುದು.

1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಬಿಸ್ಸಿನೋಸಿಸ್ ಇತ್ತು: ವೈದ್ಯರು ಕಂಡರೆ ವರದಿ ಮಾಡಲೇಬೇಕಾದ ಕಾಯಿಲೆ. ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲೂ ಇತ್ತು. ಆದರೆ ಸೀಸನ್ ಕೂಲಿಗೆ ಹೋದವಳ ಹೆಸರು ಯಾವ ಹಾಜರಿ ಪುಸ್ತಕದಲ್ಲಿ ಇರುತ್ತದೆ? ನಮ್ಮವ್ವಂದು ಎಲ್ಲೂ ಇಲ್ಲ. ಆಕೆ ಹೋಗುತ್ತಿದ್ದ ಫ್ಯಾಕ್ಟರಿಯಲ್ಲಿ ಕೊಟ್ಟ ರಕ್ಷಣೆ ಅಂದರೆ ದೀಪಾವಳಿಗೊಂದು ಬೆಲ್ಲದ ಉಂಡೆ. ಬೆಲ್ಲ ತಿಂದರೆ ಧೂಳು ಇಳಿಯುತ್ತದೆ ಅನ್ನೋದು ಅಲ್ಲಿನ ವೈದ್ಯಶಾಸ್ತ್ರ. ಬೆಲ್ಲ ಹೋಗುವ ದಾರಿ ಬೇರೆ, ಧೂಳು ಹೋಗುವ ದಾರಿ ಬೇರೆ.

ಅಮೆರಿಕದ ಕ್ಯಾರೊಲಿನಾ ರಾಜ್ಯಗಳ ಗಿರಣಿಗಳಲ್ಲೂ ಹೀಗೇ ಇತ್ತು. ಅಲ್ಲಿ 1975ರಲ್ಲಿ ಕೆಮ್ಮುವ ಕಾರ್ಮಿಕರೇ 'ಬ್ರೌನ್ ಲಂಗ್ ಅಸೋಸಿಯೇಷನ್' ಕಟ್ಟಿಕೊಂಡು ಬೀದಿಗಿಳಿದರು. 1978ರಲ್ಲಿ ಸರ್ಕಾರ ಹತ್ತಿ ಧೂಳಿಗೆ ಮಿತಿ ಹಾಕಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು, 1981ರಲ್ಲಿ ಸೋತರು. ಕಾಯಿಲೆ ಇಳಿಯಿತು. ಇಳಿಸಿದ್ದು ಹೊಸ ಔಷಧಿಯಲ್ಲ. ಧೂಳು ಹೀರುವ ಯಂತ್ರ ಮತ್ತು ಅದನ್ನು ಹಾಕಿಸಿದ ಕಾನೂನು.

ಉಳಿದ ಊರುಗಳು, ಉಳಿದ ಧೂಳು

ಶಿರಹಟ್ಟಿ ಕಡೆ ಹೋದರೆ ಜಲ್ಲಿ ಕ್ರಷರ್, ಟಿಪ್ಪರ್. ಕಲ್ಲಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ಬೇರೆಯದೇ ರೋಗ, ವಾಸಿಯಾಗದ್ದು. ಅದರ ಜೊತೆಗೆ ಸಿಒಪಿಡಿಯನ್ನೂ ತರುತ್ತದೆ. ನೀರು ಸಿಂಪಡಿಸಿ, ಯಂತ್ರಕ್ಕೆ ಹೊದಿಕೆ ಹಾಕಿದರೆ ಬಹಳಷ್ಟು ಧೂಳು ಅಲ್ಲೇ ಕೂರುತ್ತದೆ. ಹಾಕಿದ್ದಾರಾ ಇಲ್ಲವಾ ಅನ್ನೋದು ರಸ್ತೆಬದಿಯ ಗಿಡದ ಎಲೆಯ ಬಣ್ಣ ನೋಡಿದರೆ ತಿಳಿಯುತ್ತದೆ.

ಮುಂಡರಗಿಯಲ್ಲಿ ತುಂಗಭದ್ರೆಗೆ ಹಮ್ಮಿಗಿ ಬಳಿ ಬ್ಯಾರೇಜ್ ಬಂದು, ಸಿಂಗಟಾಲೂರು ಏತ ನೀರಾವರಿಯ ನೀರು ಹರಿದ ಮೇಲೆ ಕೆಲವು ಕಡೆ ಬೆಳೆ ಬದಲಾಯಿತು. ಕಬ್ಬು ಬಂತು, ಕಬ್ಬಿನ ಹಿಂದೆ ರವದಿಗೆ ಬೆಂಕಿ ಹಚ್ಚುವುದೂ ಬಂತು. ರೈತನನ್ನು ಬೈದು ಪ್ರಯೋಜನ ಇಲ್ಲ. ರವದಿ ಪುಡಿ ಮಾಡುವ ಯಂತ್ರದ ಬಾಡಿಗೆಗಿಂತ ಬೆಂಕಿಪೊಟ್ಟಣ ಅಗ್ಗ.

ಇನ್ನು ಎರೆ ಹೊಲದ ಕಡಲೆ ರಾಶಿ. ಜನವರಿ-ಫೆಬ್ರುವರಿಯಲ್ಲಿ ರಾಶಿ ಮಿಷನ್ ಬಾಯಿಂದ ಹಾರುವ ಹೊಟ್ಟು, ಮಣ್ಣು, ಬೂಷ್ಟಿನ ಬೀಜಕಣ ಎಲ್ಲ ಸೇರಿ ಅಸ್ತಮಾ ಇದ್ದವರನ್ನು ಹಾಸಿಗೆ ಹಿಡಿಸುತ್ತವೆ. ಬೆಳಗಿನ ಹೊತ್ತು ಚಳಿಗಾಲದ ತಣ್ಣನೆಯ ಗಾಳಿ ನೆಲಕ್ಕೇ ಅಂಟಿಕೊಂಡಿರುವುದರಿಂದ ಹೊಗೆ, ಧೂಳು ಮೇಲೇರುವುದಿಲ್ಲ. ಆ ತಿಂಗಳಲ್ಲಿ ದವಾಖಾನೆ ತುಂಬುವುದು ಯಾಕೆ ಅಂತ ಕೇಳಿದರೆ ಎಲ್ಲರೂ "ಹವಾ ಬದಲಾತು" ಅಂತಾರೆ.

ಹುಬ್ಬಳ್ಳಿ-ಗದಗ-ಕೊಪ್ಪಳ ಹೆದ್ದಾರಿಯದ್ದು ಇನ್ನೊಂದು ನೆನಪು. ಈಗಿನ 67, ಆಗಿನ 63. ಸಂಡೂರು-ಹೊಸಪೇಟೆಯ ಅದಿರು ಲಾರಿಗಳು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ದಿನಗಳಲ್ಲಿ ರಸ್ತೆಯ ಎರಡೂ ಬದಿ ಕೆಂಪಾಗಿತ್ತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, 2011ರಲ್ಲಿ ಲೋಕಾಯುಕ್ತ ವರದಿ, ಸುಪ್ರೀಂ ಕೋರ್ಟ್ ಆದೇಶ ಬಂತು. ಆ ಹಗರಣದಲ್ಲಿ ಬೊಕ್ಕಸಕ್ಕಾದ ನಷ್ಟದ ಲೆಕ್ಕ ಸಿಕ್ಕಿತು. ಹೆದ್ದಾರಿ ಬದಿ ಮನೆಗಳವರ ಎದೆಗಾದ ನಷ್ಟವನ್ನು ಲೆಕ್ಕ ಹಾಕಿದವರನ್ನು ನಾನಂತೂ ಕಂಡಿಲ್ಲ.

ಹೋರಾಟದ ಪಟ್ಟಿಯಲ್ಲಿ ಇಲ್ಲದ ಗಾಳಿ

ಗದಗ ಜಿಲ್ಲೆಗೆ ಪರಿಸರ ಹೋರಾಟ ಹೊಸದಲ್ಲ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಬಳಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಹಿಡಿಯಲು ಬಂದಾಗ ರೈತರು, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಜೊತೆ ನಿಂತು ಅದನ್ನು ವಾಪಸ್ ಕಳಿಸಿದರು. ಗಣಿಗಾರಿಕೆಯ ಭಯದಲ್ಲಿದ್ದ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು, ಸುಮಾರು 244 ಚದರ ಕಿಲೋಮೀಟರ್. ಪಕ್ಕದ ಕೊಪ್ಪಳದಲ್ಲಿ 2025ರ ಫೆಬ್ರುವರಿಯಲ್ಲಿ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡ ಅಂತ ಇಡೀ ಊರು ಬಂದ್ ಆಯಿತು. ಈ ಗೆಲುವುಗಳಿಲ್ಲದಿದ್ದರೆ 'ಶುದ್ಧ ಗಾಳಿ'ಯ ಸುದ್ದಿಯೂ ಇರುತ್ತಿರಲಿಲ್ಲ.

ಆದರೂ ನನ್ನದೊಂದು ತಕರಾರು ಇದೆ. ಹೊರಗಿಂದ ಬರುವ ಕಂಪನಿಯ ಚಿಮಣಿ ನಮಗೆ ಕಾಣುತ್ತದೆ. ಮನೆಯೊಳಗಿನ ಒಲೆ, ಊರೊಳಗಿನ ಜಿನ್ನಿಂಗ್, ನಮ್ಮವರದ್ದೇ ಕ್ರಷರ್ ಕಾಣುವುದಿಲ್ಲ. ಕಂಪನಿ ವಿರುದ್ಧ ಮೈಕ್ ಹಿಡಿಯುವವರಲ್ಲಿ ಕೆಲವರು ಕ್ರಷರ್ ಮಾಲೀಕರ ಮದುವೆಯಲ್ಲಿ ಮೊದಲ ಪಂಕ್ತಿಗೆ ಕೂರುತ್ತಾರೆ. ಈ ಧೂಳು ಕುಡಿಯುವವರು ಹೆಂಗಸರು, ದಿನಗೂಲಿಯವರು, ದಲಿತ ಕೇರಿಯವರು, ಬೇರೆ ಜಿಲ್ಲೆಯಿಂದ ಬಂದ ಕಲ್ಲು ಒಡೆಯುವವರು.

ಸರ್ಕಾರದ ಕಣ್ಣೂ ಅಲ್ಲಿಗೆ ಹೋಗಿಲ್ಲ. 2019ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಊರುಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಮಾನದಂಡ ಮೀರಿದ ನಗರಗಳಿಗೆ ಮಾತ್ರ ಅದು. ಗದಗಕ್ಕೆ ಪ್ರವೇಶ ಇಲ್ಲ, ಯಾಕಂದರೆ ನಮ್ಮದು ಒಳ್ಳೆಯ ಗಾಳಿ!

2018ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್'ನಲ್ಲಿ ಬಂದ ಅಂದಾಜು ನೋಡಿ: 2016ರಲ್ಲಿ ಭಾರತದಲ್ಲಿ ಸಿಒಪಿಡಿ ಇದ್ದವರು 5.5 ಕೋಟಿ, ಅಸ್ತಮಾ ಇದ್ದವರು 3.8 ಕೋಟಿಯ ಹತ್ತಿರ. ಸಿಒಪಿಡಿಯ ಹೊರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯ ಮಾಲಿನ್ಯದ ಪಾಲು. ತಂಬಾಕಿನದ್ದು ನಾಲ್ಕನೇ ಒಂದು. ಆದರೂ ನಮ್ಮ ದವಾಖಾನೆಯ ಗೋಡೆಯ ಮೇಲೆ ಬೀಡಿ ಬೇಡ ಅನ್ನೋ ಬೋರ್ಡ್ ಒಂದೇ ಇರುತ್ತದೆ.

ಲಂಡನ್‌ನಲ್ಲಿ ಎಲ್ಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಹುಡುಗಿ 2013ರಲ್ಲಿ ಅಸ್ತಮಾದಿಂದ ತೀರಿಕೊಂಡಳು. ತಾಯಿ ಏಳು ವರ್ಷ ಬಿಡದೆ ಓಡಾಡಿದ ಮೇಲೆ 2020ರ ಡಿಸೆಂಬರ್‌ನಲ್ಲಿ, ಸಾವಿಗೆ ಗಾಳಿಯ ಮಾಲಿನ್ಯವೂ ಕಾರಣ ಅಂತ ಅಲ್ಲಿನ ವಿಚಾರಣಾಧಿಕಾರಿ ದಾಖಲಿಸಿದರು. ನಮ್ಮಲ್ಲೂ ಸುಪ್ರೀಂ ಕೋರ್ಟ್ 1991ರ ಸುಭಾಷ್ ಕುಮಾರ್ ಪ್ರಕರಣದಲ್ಲೇ ಮಾಲಿನ್ಯವಿಲ್ಲದ ಗಾಳಿ-ನೀರು ಬದುಕುವ ಹಕ್ಕಿನ ಭಾಗ ಅಂದಿದೆ. ಆದರೆ ನಮ್ಮ ಸಾವಿನ ಪ್ರಮಾಣಪತ್ರಗಳಲ್ಲಿ ಒಲೆಯ ಹೊಗೆ, ಹತ್ತಿ ಧೂಳು ಅಂತ ಬರೆದದ್ದನ್ನು ನೀವು ನೋಡಿದ್ದೀರಾ?

ಪಂಪ್ ಬಗ್ಗೆ ಎರಡು ಮಾತು

"ಪಂಪ್ ಹಚ್ಚಿದ್ರ ರೂಢಿ ಬೀಳತೈತಿ" ಅನ್ನೋದು ನಮ್ಮ ಕಡೆಯ ದೊಡ್ಡ ಭಯ. ಅದು ಚಟ ಹಿಡಿಸುವ ವಸ್ತುವಲ್ಲ. ಗುಳಿಗೆ ಹೊಟ್ಟೆಗೆ ಹೋಗಿ, ರಕ್ತದ ಮೂಲಕ ಇಡೀ ಮೈ ಸುತ್ತಿ ಬರುತ್ತದೆ. ಪಂಪಿನ ಔಷಧಿ ಬೇಕಾದಲ್ಲಿಗೇ ಬಹಳ ಕಡಿಮೆ ಪ್ರಮಾಣದಲ್ಲಿ ಹೋಗುತ್ತದೆ. ಪಂಪಿನಲ್ಲಿ ಎರಡು ಬಗೆ. ಸಾಲ್ಬುಟಮಾಲ್ ಬಿಗಿದ ನಾಳವನ್ನು ಆ ಕ್ಷಣಕ್ಕೆ ಸಡಿಲಿಸುತ್ತದೆ, ಉರಿಯೂತವನ್ನು ಮುಟ್ಟುವುದಿಲ್ಲ. ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಪಂಪ್ ಉರಿಯೂತವನ್ನೇ ತಗ್ಗಿಸುತ್ತದೆ. ಅಸ್ತಮಾಗೆ ಬರೀ ಮೊದಲನೆಯದನ್ನು ನಂಬಿ ಕೂರಬಾರದು ಅಂತ ಜಾಗತಿಕ ಮಾರ್ಗಸೂಚಿ 2019ರಿಂದ ಸ್ಪಷ್ಟವಾಗಿ ಹೇಳುತ್ತಿದೆ. ಸಿಒಪಿಡಿಯ ಔಷಧಿ ಕ್ರಮ ಬೇರೆ. ಯಾವುದು ಯಾರಿಗೆ ಅನ್ನೋದನ್ನು ಡಾಕ್ಟರೇ ಹೇಳಬೇಕು. ನಿಮ್ಮ ಕೆಲಸ ಊದುವ ಪರೀಕ್ಷೆ ಆಗಿದೆಯಾ ಅಂತ ಕೇಳುವುದು, ಆರಾಮ ಅನಿಸಿದ ದಿನವೂ ಪಂಪ್ ಬಿಡದಂತೆ ನೋಡಿಕೊಳ್ಳುವುದು. ರಾಶಿ, ಜಿನ್ನಿಂಗ್, ಕ್ರಷರ್ ಕೆಲಸಕ್ಕೆ ಮುಖಕ್ಕೆ ಸೀರೆ ಸೆರಗು ಸಾಲದು, ಸಣ್ಣ ಕಣ ಅದರಲ್ಲಿ ತೂರಿ ಹೋಗುತ್ತದೆ. ಎನ್-95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂತರೆ ಕೆಲಸ ಮಾಡುತ್ತದೆ.

ಈ ಸಲ ನಾನೊಂದು ಕೆಲಸ ಶುರು ಮಾಡಿದ್ದೀನಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ತಿಥಿ-ನಕ್ಷತ್ರದ ಪಕ್ಕ, ಅವ್ವ ತುರ್ತು ಪಂಪ್ ಎಷ್ಟು ಸಲ ಎಳೆದಳು ಅಂತ ಪೆನ್ಸಿಲಿನಲ್ಲಿ ಗೀಟು ಹಾಕ್ತೀನಿ. ಅದರ ಕೆಳಗೆ ಸಮೀರ್ ಆ್ಯಪಿನ ಅಂಕಿ. ಕಳೆದ ಮಂಗಳವಾರ ಎಕ್ಯೂಐ 38, ಉತ್ತಮ. ಅವ್ವನ ಗೀಟು ಆರು. ಅವತ್ತು ಓಣಿಯ ತುದಿಯಲ್ಲಿ ಯಾರೋ ಕಸದ ಗುಂಪಿಗೆ ಬೆಂಕಿ ಹಚ್ಚಿದ್ದರು. ಪಕ್ಕದ ಮನೆಯ ಅಕ್ಕ ಬಂದು ನೋಡಿ, "ನಮ್ಮತ್ತಿದೂ ಹಿಂಗ ಬರಿಲೇನ?" ಅಂದಳು. ಈಗ ನಮ್ಮ ಓಣಿಯಲ್ಲಿ ಗೀಟು ಬೀಳುವ ಕ್ಯಾಲೆಂಡರ್ ನಾಲ್ಕಾಗಿವೆ. ಮುಂದಿನ ತಿಂಗಳು ವಾರ್ಡಿನ ಸದಸ್ಯರ ಹತ್ತಿರ ನಾಲ್ಕನ್ನೂ ಒಯ್ಯೋದು ಅಂತ ಮಾತಾಗಿದೆ.